ನಿಂತ ಲಾರಿಯ ಗಾಳಿ

ಎಂಜಿನಿಯರಿಂಗ್ ಮುಗಿಸಿದ ಮೇಲೆ ನಾನು ಮಾಡಿದ ಮೊದಲ ಕೆಲಸಕ್ಕೆ ನೇಮಕಾತಿ ಪತ್ರ ಇರಲಿಲ್ಲ. ಅವರ್ಸಾದ ನಮ್ಮ ಮನೆಯ ಎದುರು ನಿಂತಿದ್ದ ಹಳೆಯ ಲಾರಿಯ ಮುಂದಿನ ಜಾಲರಿಯನ್ನು ಅಪ್ಪ ಬಿಚ್ಚಿ ನೆಲಕ್ಕಿಟ್ಟ. ಕೈ ಒರೆಸಿಕೊಳ್ಳುತ್ತ ನನ್ನನ್ನು ಕರೆದ.

"ತಂಗೀ, ಇಲ್ಲಿ ವಿಂಚ್ ಕೂರ್ಸಬೇಕು. ಈ ಪೆಟ್ಟಿಗೆ ಅಡ್ಡ ಬತ್ತದೆ. ಇದ್ನ ಎಲ್ಲಿ ಇಡೂದು ನೀ ಹೇಳು."

ಅಪ್ಪ ತನ್ನ ಕಸುಬಿನ ವಿಷಯದಲ್ಲಿ ನನ್ನನ್ನು ಒಂದು ಮಾತು ಕೇಳಿದ್ದು ಅದೇ ಮೊದಲು. ಗಾಡಿಯ ಮಾತಿನಲ್ಲಿ ಅವನು ಯಾರನ್ನೂ ಕೇಳುವವನಲ್ಲ.

ವಿಂಚ್ ಅಂಗಳದಲ್ಲೇ ಬಿದ್ದಿತ್ತು. ಒಡೆದು ಹಾಕಿದ ಯಾವುದೋ ಟ್ರಾಲರ್‌ನದು. ಬಲೆ ಎಳೆಯಲು ಇದ್ದ ದಪ್ಪ ಉಕ್ಕಿನ ಉರುಳೆ, ಅದಕ್ಕೆ ಸುತ್ತಿಕೊಳ್ಳುವ ತಂತಿಹಗ್ಗ. ಅದನ್ನು ಲಾರಿಯ ಮೂತಿಗೆ ಕೂರಿಸಿ, ಎಂಜಿನ್ನಿನ ಬಲದಿಂದಲೇ ತಿರುಗಿಸಿ, ಮಳೆಗಾಲಕ್ಕೆ ಮುಂಚೆ ದೋಣಿಗಳನ್ನು ದಡಕ್ಕೆ ಎಳೆಯುವುದು ಅಪ್ಪನ ಆಲೋಚನೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇರೆಯವರ ಲಾರಿಯ ಸ್ಟೇರಿಂಗ್ ಹಿಡಿದವನು ಆ ವರ್ಷ ಅದನ್ನು ಬಿಟ್ಟಿದ್ದ. ಮೊದಲ ದೋಣಿ ಸರಿಯಾಗಿ ಮೇಲೆ ಬಂದರೆ ಸಾಲಿನ ಉಳಿದ ದೋಣಿಗಳವರೂ ಕರೆಯುತ್ತಾರೆ. ಬರದಿದ್ದರೆ, ಆ ವಯಸ್ಸಿನಲ್ಲಿ ಮತ್ತೆ ಯಾರದೋ ಗೇಟಿನ ಮುಂದೆ ಹೋಗಿ ನಿಲ್ಲಬೇಕು. ಇದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಮನೆಯಲ್ಲಿ ನಮ್ಮೆಲ್ಲರಿಗೂ ಗೊತ್ತಿತ್ತು.

ನನ್ನ ಬಗ್ಗೆ ಎರಡು ಮಾತು ಹೇಳಬೇಕು, ಯಾಕೆಂದರೆ ತಪ್ಪು ಅಲ್ಲಿಂದಲೇ ಶುರು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಹತ್ತನೇ ತರಗತಿ ದಾಟಿದವರಿಲ್ಲ. ಅವ್ವ ಗದ್ದೆ ಕೆಲಸಕ್ಕೆ ಹೋಗುತ್ತಿದ್ದಳು, ನೆಟ್ಟಿ ಇಲ್ಲದ ದಿನ ಕಲ್ಲು ಹೊರುತ್ತಿದ್ದಳು. ನಾನು ದಿನಾ ಕಾರವಾರಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಓದಿದೆ. ಗಣಿತದ ಒಂದು ಪೇಪರಿನಲ್ಲಿ ಎರಡು ಸಲ ಫೇಲಾದೆ, ಮೂರನೇ ಸಲ ಕಟ್ಟಿ ಪಾಸಾದೆ. ಡ್ರಾಯಿಂಗ್ ಹಾಳೆ ಬಿಡಿಸಿಡಲು ಮನೆಯಲ್ಲಿ ಸಮತಟ್ಟಾದ ಜಾಗವಿಲ್ಲವೆಂದು ಅಪ್ಪ ಗುಜರಿಗೆ ಹೋಗುವ ಲಾರಿಯ ಹಿಂಬಾಗಿಲಿನ ಹಲಗೆ ತಂದುಕೊಟ್ಟಿದ್ದ. ಹಾಗೆ ಪಡೆದ ಪದವಿ ನನ್ನದು. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು, ಈಗಲೂ ಇದೆ. ಆದರೆ ನನಗಿಂತ ಹೆಚ್ಚು ಹೆಮ್ಮೆ ಅಪ್ಪನಿಗಿತ್ತು. ಚಹದ ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ, ಅಂಕೋಲೆಯ ಸಂತೆಯಲ್ಲಿ, "ನಮ್ಮ ಹುಡುಗಿ ಇಂಜಿನೀರು" ಎಂದು ಹೇಳದೆ ಅವನ ಮಾತು ಮುಗಿಯುತ್ತಿರಲಿಲ್ಲ.

ಅಡ್ಡ ಬಂದಿದ್ದ ಪೆಟ್ಟಿಗೆಯ ಹೆಸರು ಇಂಟರ್‌ಕೂಲರ್. ಸೈಕಲ್ಲಿಗೆ ಗಾಳಿ ಹೊಡೆದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಪಂಪಿನ ತುದಿ ಬಿಸಿಯಾಗುತ್ತದಲ್ಲ, ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಟರ್ಬೊ ಇರುವ ಲಾರಿಯಲ್ಲಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತಾರೆ. ಕಾದ ಗಾಳಿ ಹಗುರ, ಅದರಿಂದ ಬಲ ಬರುವುದಿಲ್ಲ, ಎಂಜಿನ್ ಬೇಯುತ್ತದೆ. ಅದಕ್ಕೇ ಆ ಗಾಳಿಯನ್ನು ಮೊದಲು ಒಂದು ಜಾಲಿಪೆಟ್ಟಿಗೆಯ ಒಳಗೆ ಹಾಯಿಸಿ ತಂಪು ಮಾಡುತ್ತಾರೆ. ಪೆಟ್ಟಿಗೆ ಲಾರಿಯ ಮೂತಿಯಲ್ಲಿ, ರೇಡಿಯೇಟರಿನ ಮುಂದೆ ಇರುತ್ತದೆ. ವಿಂಚ್ ಕೂರಬೇಕಾದದ್ದೂ ಅಲ್ಲೇ.

ನಾನು ಮೂರು ದಿನ ಕೂತು ಲೆಕ್ಕ ಹಾಕಿದೆ. ಕ್ಯಾಬಿನ್ನಿನ ಬೆನ್ನಿಗೆ, ಮೇಲುಗಡೆ, ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸುವುದು. ಕ್ಯಾಬಿನ್ನಿನ ತಲೆಯ ಮೇಲೆ ತಗಡಿನ ಬಾಯಿ ಮಾಡಿ, ಎದುರಿನ ಗಾಳಿಯನ್ನು ಹಿಡಿದು ಪೆಟ್ಟಿಗೆಯ ಮೇಲೆ ಬೀಳಿಸುವುದು. ಎಂಜಿನ್ನಿಂದ ಹೋಗಿ ಬರಲು ಎರಡು ಉದ್ದದ ಕೊಳವೆ. ಕೊಳವೆಯ ಸುತ್ತಳತೆ, ಬಾಗು, ಒತ್ತಡ ಎಷ್ಟು ಕಡಿಮೆಯಾಗಬಹುದು, ಎಲ್ಲ ಬರೆದೆ. ಪೆಟ್ಟಿಗೆಯ ಮೇಲೆ ಬೀಸುವ ಗಾಳಿಯ ವೇಗಕ್ಕೆ ಪುಸ್ತಕದ ಉದಾಹರಣೆಯಲ್ಲಿದ್ದ ಹಾಗೆ ಓಡುವ ಗಾಡಿಯ ವೇಗ ತೆಗೆದುಕೊಂಡೆ. ಆ ಒಂದು ಸಾಲಿನಲ್ಲಿ ನನ್ನ ಪೆನ್ನು ಒಂದು ಕ್ಷಣವೂ ತಡೆಯಲಿಲ್ಲ.

ಲಾರಿಯನ್ನು ಚಿತ್ತಾಕುಲಕ್ಕೆ ಒಯ್ದೆವು. ಸದಾಶಿವಗಡದ ಕೆಳಗೆ ಅಲ್ಲೊಬ್ಬ ವೆಲ್ಡಿಂಗಿನವನಿದ್ದ, ಅಪ್ಪನ ಹಳೆಯ ಪರಿಚಯ. ಮನೆಮಾತು ಕೊಂಕಣಿ. ಕನ್ನಡ ಆಡುವಾಗಲೂ ಅರ್ಧ ಅದೇ. ನನ್ನ ಹಾಳೆಯನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗೆ ಹಿಡಿದು ನೋಡಿದ.

"ಕಿತೆಂ ಗೋ ಬಾಯ್, ಏನೇ ಹುಡುಗೀ, ಇದು ಪುಸ್ತಕದಲ್ಲಿ ಉಂಟಾ, ನಿನ್ನ ತಲೆಯಲ್ಲಿ ಉಂಟಾ?"

"ಎರಡರಲ್ಲೂ ಉಂಟು ಮಾಮಾ."

"ಹಂಗಾರೆ ನಂದೇನೂ ಹೊಣೆ ಇಲ್ಲ. ಬಿದ್ರೆ ನಿನ್ನ ತಲೆಗೇ ಬೀಳಲಿ," ಎಂದು ನಕ್ಕು ಮುಖಕ್ಕೆ ಕಪ್ಪು ಗಾಜು ಹಿಡಿದ.

ಪೆಟ್ಟಿಗೆ ಮೇಲೆ ಕೂತ ದಿನ ಅಪ್ಪ ಹಿಂದಿನಿಂದ ಹತ್ತಿ, ಅದರ ಜಾಲಿಯ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ನಿಂತ. ಅಪ್ಪನ ಥರ್ಮಾಮೀಟರು ಅಂಗೈ. ಗಾಲಿಯ ಹಬ್ಬು, ಗೇರುಪೆಟ್ಟಿಗೆ, ಎಲ್ಲವನ್ನೂ ಅವನು ಮುಟ್ಟಿಯೇ ತಿಳಿಯುವವನು.

"ಇಲ್ಲಿ ಗಾಳಿ ಬತ್ತದಾ ತಂಗೀ?"

"ಲೆಕ್ಕ ಹಾಕಿದ್ದೆ ಅಪ್ಪಾ. ಬೇಕಾದ್ದಕ್ಕಿಂತ ಜಾಸ್ತಿ ಬತ್ತದೆ."

"ಹೌದಾ," ಎಂದ. ಇಳಿದ. ಮತ್ತೆ ಕೇಳಲಿಲ್ಲ.

ವಾಪಸ್ ಬರುವಾಗ ಪರೀಕ್ಷೆ ಮಾಡೋಣವೆಂದು ಲಾರಿಗೆ ಚಿರೇಕಲ್ಲು ತುಂಬಿಸಿದೆವು. ಕಾಳಿ ನದಿ ದಾಟಿ, ಕಾರವಾರ ದಾಟಿ, ಬಿಣಗಾದ ಏರಿನಲ್ಲಿ ಅದು ಹೊಸ ಲಾರಿಯ ಹಾಗೆ ಎದ್ದು ಬಂತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅಲುಗಲೇ ಇಲ್ಲ. ನಾನು ಅಪ್ಪನ ಮುಖ ನೋಡಿದೆ. ಅವನು ರಸ್ತೆ ನೋಡುತ್ತ, "ಚೊಲೋ ಎಳಿತದೆ," ಎಂದ. ಅಷ್ಟು ಸಾಕಾಯಿತು ನನಗೆ. ಆವತ್ತು ಊಟ ಮಾಡುವಾಗ ಅವ್ವನ ಮುಂದೆ ನಾನು ಏನೇನು ಹೇಳಿದೆನೋ, ಈಗ ನೆನಪು ಮಾಡಿಕೊಳ್ಳಲು ಮನಸ್ಸಿಲ್ಲ.

ಇಲ್ಲಿ ನಮ್ಮ ದಂಡೆಯ ಒಂದು ಪದ್ಧತಿ ಹೇಳಬೇಕು. ದೋಣಿ ಎಳೆಯುವುದಕ್ಕೆ ಯಾರನ್ನೂ ಕರೆಯುವುದಿಲ್ಲ. ದೊಡ್ಡ ಹಗ್ಗವನ್ನು ಮರಳ ಮೇಲೆ ಬಿಡಿಸಿಟ್ಟರೆ ಅದೇ ಕರೆ. ಗಂಡಸರು, ಹೆಂಗಸರು, ದಾರಿಯಲ್ಲಿ ಹೋಗುವವರು, ಯಾರು ಬೇಕಾದರೂ ಬಂದು ಕೈ ಹಾಕುತ್ತಾರೆ. ಕೈ ಹಾಕಿದವರಿಗೆಲ್ಲ, ಕೊನೆಯ ಒಂದು ಎಳೆತಕ್ಕೆ ಬಂದವರಿಗೂ, ಬಾಳೆಲೆಯಲ್ಲಿ ಬೆಲ್ಲ ಕಾಯಿ ಹಾಕಿದ ಅವಲಕ್ಕಿ. ಮಳೆ ಕಳೆದು ಆ ದೋಣಿ ಮೊದಲು ನೀರಿಗಿಳಿದ ದಿನ ಅವರ ಮನೆಗೆ ಒಂದು ಹಿಡಿ ಮೀನು. ಇದು ಕೂಲಿಯಲ್ಲ. ಹಗ್ಗಕ್ಕೆ ಕೈ ಹಾಕಿದವರು ಆ ವರ್ಷ ಆ ದೋಣಿಯ ಕಡೆಯವರು, ಅಷ್ಟೇ.

ಅಪ್ಪ ಇದನ್ನು ಅರಿಯದವನಲ್ಲ. ಆದರೂ ಮೊದಲ ದೋಣಿ ಎಳೆಯುವ ಹಿಂದಿನ ದಿನ ದಂಡೆಗೆ ಹೋಗಿ, ಒಳ್ಳೆಯ ಮನಸ್ಸಿನಿಂದಲೇ, "ನಾಳೆ ಯಾರೂ ಬರೂದು ಬ್ಯಾಡ. ಸೊಂಟ ಮುರ್ಕಣೂದು ಬ್ಯಾಡ. ಲಾರಿ ಎಳಿತದೆ," ಎಂದು ಸಾರಿಬಿಟ್ಟ. ಮೀನು ಮಾರುವ ಒಬ್ಬ ಮುದುಕಿ ಅಲ್ಲಿ ಕೂತಿದ್ದಳು. ನನ್ನನ್ನು ಚಿಕ್ಕಂದಿನಿಂದ ಬಲ್ಲವಳು, ನಾಲಗೆ ಬಲು ಹರಿತ.

"ಹಂಗಾರೆ ನಮ್ಮ ಕೈಗೆ ಇನ್ನು ಯಂತಾ ಕೆಲ್ಸ ಮಾರಾಯಾ? ತಲೆ ಕೆರ್ಕಂತಾ ಕೂರೂದಾ?"

"ನೀ ಅವಲಕ್ಕಿ ತಿನ್ನುಕೆ ಬಾರೇ, ನಿಂಗೆ ಬ್ಯಾಡ ಅಂದೋರು ಯಾರು?"

"ಕೈ ಹಾಕದೆ ತಿಂದ್ರೆ ಅದು ಅವಲಕ್ಕಿ ಅಲ್ಲ, ಭಿಕ್ಷೆ," ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ಸಮುದ್ರ ಉಬ್ಬಿ ಭರತ ಏರುವ ಹೊತ್ತಿಗೆ ಲಾರಿಯನ್ನು ಗಾಳಿಮರಗಳ ಕೆಳಗೆ, ಗಟ್ಟಿ ನೆಲದ ಮೇಲೆ, ಸಮುದ್ರಕ್ಕೆ ಮೂತಿ ಮಾಡಿ ನಿಲ್ಲಿಸಿದೆವು. ಗಾಲಿಗಳಿಗೆ ಕಲ್ಲು ಕೊಟ್ಟೆವು. ದೋಣಿಯ ಯಜಮಾನ ತಂತಿಹಗ್ಗದ ಕೊಕ್ಕೆಯನ್ನು ತಾನೇ ಸಿಕ್ಕಿಸಿದ. ಬೊಬ್ರುವಾಡದಿಂದ ಇಬ್ಬರು ದೋಣಿಯವರು ನೋಡಲೆಂದೇ ಬಂದಿದ್ದರು. ಊರಿನವರು ದೂರದಲ್ಲಿ, ಕೈ ಕಟ್ಟಿಕೊಂಡು, ಸಾಲಾಗಿ ನಿಂತಿದ್ದರು. ಯಾರ ಮುಖದಲ್ಲೂ ನಗೆಯಿಲ್ಲ.

ಅಪ್ಪ ಕ್ಯಾಬಿನ್ನಿನಲ್ಲಿ. ನಾನು ಕೆಳಗೆ, ಅವನಿಗೆ ಕಾಣುವಂತೆ, ಕೈಸನ್ನೆ ಮಾಡಲು. ಉರುಳೆ ತಿರುಗಿತು. ತಂತಿ ಮರಳಿನಿಂದ ಎದ್ದು ಬಿಗಿಯಾಯಿತು. ದೋಣಿಯ ಮೂತಿ ಮರಳ ಮೇಲೆ ಅಡ್ಡ ಹಾಸಿದ್ದ ಮೊದಲ ದಿಮ್ಮಿಯನ್ನು ಹತ್ತಿದಾಗ ಯಜಮಾನ, "ಬಂತು ಬಂತು!" ಎಂದು ಕೂಗಿದ. ಎರಡನೇ ದಿಮ್ಮಿ. ಮೂರನೆಯದು. ಸಮುದ್ರದ ಕಡೆಯಿಂದ ಒಂದು ಎಲೆಯೂ ಅಲುಗದ ಬೆಳಿಗ್ಗೆ ಅದು, ಮಳೆಗೆ ಮುಂಚಿನ ಕುದಿ. ಮೈಯ ಬೆವರು ಆರುತ್ತಿರಲಿಲ್ಲ. ಆಗಲೂ ನನಗೆ ಹೊಳೆಯಲಿಲ್ಲ.

ದೋಣಿ ಅರ್ಧ ಏರಿನಲ್ಲಿದ್ದಾಗ ಎಂಜಿನ್ನಿನ ದನಿ ಕುಗ್ಗಿತು. ಹೊಗೆ ಬಿಳಿಯಿಂದ ಬೂದು ಬಣ್ಣಕ್ಕೆ ತಿರುಗಿ ಕಪ್ಪಾಯಿತು. ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ, "ಮುಳ್ಳು ಮೇಲೆ ಹೋತು!" ಎಂದ. ನಾನು ಹಿಂದಕ್ಕೆ ಓಡಿ ಹತ್ತಿ ಕೊಳವೆ ಮುಟ್ಟಿದೆ. ಬೆರಳು ಸುಟ್ಟಿತು. ತಲೆಯ ಮೇಲೆ ಆ ತಗಡಿನ ಬಾಯಿ ಸಮುದ್ರದ ಕಡೆಗೆ ತೆರೆದು ನಿಂತಿತ್ತು. ಅದರ ಒಳಗೆ ಹೋಗಲು ಗಾಳಿಯೇ ಇರಲಿಲ್ಲ.

ಆ ಒಂದು ಗಳಿಗೆಯಲ್ಲಿ ಎಲ್ಲ ತಿಳಿಯಿತು. ಮೊದಲಿದ್ದ ಜಾಗದಲ್ಲಿ ಎಂಜಿನ್ನಿನ ಫ್ಯಾನು ಪೆಟ್ಟಿಗೆಯ ಮೂಲಕ ಗಾಳಿ ಎಳೆಯುತ್ತಿತ್ತು, ಲಾರಿ ನಿಂತರೂ ಓಡಿದರೂ. ನಾನು ಅದನ್ನು ಫ್ಯಾನಿನಿಂದ ದೂರ ಒಯ್ದು, ಎದುರುಗಾಳಿಯನ್ನು ನಂಬಿ ಕೂರಿಸಿದ್ದೆ. ವಿಂಚಿನ ಲಾರಿ ತನ್ನ ದೊಡ್ಡ ಕೆಲಸವನ್ನೆಲ್ಲ ನಿಂತಲ್ಲೇ ಮಾಡುತ್ತದೆ. ಬಿಣಗಾದ ಏರಿನಲ್ಲಿ ನಾವು ಪರೀಕ್ಷೆ ಮಾಡಿದ್ದು ಈ ಲಾರಿ ಎಂದೂ ಮಾಡಬೇಕಿಲ್ಲದ ಕೆಲಸವನ್ನು.

ಅಪ್ಪ ಎಂಜಿನ್ನಿನ ವೇಗ ಇಳಿಸಿ, ವಿಂಚಿನ ಹಲ್ಲು ಕಚ್ಚಿಸಿ ದೋಣಿಯನ್ನು ಅಲ್ಲೇ ತಡೆದ. ಆದರೆ ಭರತ ಇನ್ನೂ ಏರುತ್ತಿತ್ತು. ಒಂದೊಂದು ತೆರೆಯೂ ದೋಣಿಯ ಹಿಂಬದಿಯನ್ನು ಎತ್ತಿ ಎತ್ತಿ ಹಾಕುತ್ತಿತ್ತು, ತಂತಿ ಪ್ರತಿ ಸಲ ಟಣ್ಣೆಂದು ಬಿಗಿಯುತ್ತಿತ್ತು. ಎಂಜಿನ್ ಆರಲು ಕಾದರೆ ಅಷ್ಟರೊಳಗೆ ದೋಣಿ ಅಡ್ಡ ತಿರುಗಿ ಹಲಗೆ ಬಿಚ್ಚಿಕೊಳ್ಳುತ್ತದೆ. ಯಜಮಾನ ಅಪ್ಪನನ್ನು ನೋಡಿದ. ಅಪ್ಪ ನನ್ನ ಕಡೆ ನೋಡಲಿಲ್ಲ. ಆಮೇಲೆ ಎಷ್ಟೋ ದಿನ ನನ್ನನ್ನು ಕಾಡಿದ್ದು ಅದು. ಸ್ಟೇರಿಂಗಿನ ಮೇಲೆ ಕೈ ಇಟ್ಟು ನೇರ ಎದುರಿಗೇ ನೋಡುತ್ತಿದ್ದ, ಓಡುತ್ತಿರುವ ಲಾರಿಯಲ್ಲಿ ಕೂತವನಂತೆ.

ದೂರದಿಂದ ಮುದುಕಿಯ ದನಿ ಬಂತು. "ಯಂತಾ ಆಯ್ತೇ ಇಂಜಿನೀರಮ್ಮಾ? ನಿನ್ನ ಲಾರಿಗೆ ಜ್ವರ ಬಂತಾ?"

ಯಾರೋ ಒಬ್ಬರು ನಕ್ಕರು. "ಅವನೇ ಹೇಳಿದ್ನಲಾ, ಯಾರೂ ಬ್ಯಾಡ ಅಂತ."

ನಾನು ಮರಳಿನ ಮೇಲೆ ಅವರ ಎದುರಿಗೆ ನಡೆದು ಹೋದೆ. ಆ ಇಪ್ಪತ್ತು ಹೆಜ್ಜೆ ಇಡುವುದಕ್ಕಿಂತ ಗಣಿತದ ಪೇಪರು ಸುಲಭವಿತ್ತು. "ಲಾರಿದಲ್ಲ, ಅಪ್ಪಂದೂ ಅಲ್ಲ," ಎಂದೆ. "ತಪ್ಪು ನಂದು. ಪೆಟ್ಟಿಗೆ ಇಟ್ಟ ಜಾಗ ತಪ್ಪು. ಹಗ್ಗ ಹಾಕಿ."

ಮುದುಕಿಯೇ ಮೊದಲು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನೋಡ್ತಾ ನಿಂತ್ರೇನು? ದೋಣಿ ಯಂತಾ ತಪ್ಪು ಮಾಡಿದೆ? ಹಗ್ಗ ತನ್ನಿ!" ಎಂದು ಅರಚಿದಳು. ಹಗ್ಗ ಬಂತು. ಎಷ್ಟು ಜನ ಕೈ ಹಾಕಿದರೋ. ನಾನೂ ಹಾಕಿದೆ. "ಐಸಾ" ಎಂದಾಗ ಎಳೆದು, ತೆರೆ ಬಂದಾಗ ಹಿಡಿದು, ಮತ್ತೆ "ಐಸಾ." ಅಪ್ಪ ಕ್ಯಾಬಿನ್ನಿನಿಂದ ಇಳಿದು ಬಂದು ನನ್ನ ಹಿಂದೆ ಹಗ್ಗ ಹಿಡಿದದ್ದು ಅವನ ಉಸಿರಿನಿಂದ ಗೊತ್ತಾಯಿತು. ದೋಣಿ ಮೇಲೆ ಬಂತು, ಒಂದು ಹಲಗೆಯೂ ಬಿಚ್ಚದೆ. ನಮ್ಮ ಲಾರಿ ಪಕ್ಕದಲ್ಲಿ ಕಪ್ಪು ವಾಸನೆ ಬೀರುತ್ತ ಸುಮ್ಮನೆ ನಿಂತಿತ್ತು. ಬೊಬ್ರುವಾಡದವರು ಯಾವಾಗ ಎದ್ದು ಹೋದರೋ ನಾನು ನೋಡಲಿಲ್ಲ.

ನಮಗೂ ಅವಲಕ್ಕಿ ಕೊಟ್ಟರು. ಅಪ್ಪ ತಿಂದ. ಹಗ್ಗಕ್ಕೆ ಕೈ ಹಾಕಿದವಳು ಬಿಡುವ ಹಾಗಿರಲಿಲ್ಲ, ನಾನೂ ತಿಂದೆ.

ಮನೆಗೆ ಬಂದು ಬಾವಿಕಟ್ಟೆಯಲ್ಲಿ ಕಾಲು ತೊಳೆಯುವಾಗ ಕೇಳಿದೆ. "ಅಪ್ಪಾ, ನಿಂಗೆ ಮೊದಲೇ ಗೊತ್ತಿತ್ತಲಾ?"

ಅವನು ಕೊಡಪಾನ ಬಗ್ಗಿಸುತ್ತ ತಡೆದ. "ಗೊತ್ತಿತ್ತು ಅಂದ್ರೆ... ಅನಿಸ್ತು. ನಿಂತಾಗ ಇದಕ್ಕೆ ಗಾಳಿ ಎಲ್ಲಿಂದ, ಅಂತ."

"ಮತ್ತೆ ಯಾಕೆ ಹೇಳ್ಳಿಲ್ಲ?"

"ನೀ ಲೆಕ್ಕ ಹಾಕಿದ್ದೆ ಅಂದೆ." ಕೊಡಪಾನ ಕಟ್ಟೆಯ ಮೇಲಿಟ್ಟು, "ಊರೆಲ್ಲಾ ಹೇಳ್ಕಂಡು ತಿರುಗಿದೋನು ನಾನೇ. ನಮ್ಮ ಹುಡುಗಿಗೆ ಗೊತ್ತಿಲ್ಲದ್ದು ಇಲ್ಲ ಅಂತ. ಆಮೇಲೆ ನಾನೇ ಹೋಗಿ ತಪ್ಪು ಅಂದ್ರೆ? ಏಳನೆತ್ತೆ ಓದಿದೋನು?"

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಆಗ ತಿಳಿಯಲಿಲ್ಲ. ಹದಿನಾರು ವರ್ಷ ನಾನು ಓದಿದ್ದು ಈ ಮನುಷ್ಯನ ಬಾಯಿ ಕಟ್ಟುವುದಕ್ಕೋ ಎನ್ನಿಸಿತು. "ನೀ ಕೇಳಿದ್ದೆ, ನಾನೇ ಬಾಯಿ ಮುಚ್ಚಿಸಿದೆ," ಎಂದೆ. "ಇನ್ನು ಮುಂದೆ ಹಂಗೆ ಮಾಡಬ್ಯಾಡ. ನೀ ಹೇಳದೆ ಇದ್ರೆ ನನ್ನ ಲೆಕ್ಕಕ್ಕೆ ತಳವೇ ಇಲ್ಲ."

ಅವನು ಕೊಡಪಾನದ ಉಳಿದ ನೀರನ್ನು ನನ್ನ ಕಾಲ ಮೇಲೆ ಸುರಿದ.

ಮತ್ತೆ ಚಿತ್ತಾಕುಲಕ್ಕೆ ಹೋದೆವು. ಪೆಟ್ಟಿಗೆಯನ್ನು ಹಳೆಯ ಜಾಗಕ್ಕೆ ಒಯ್ಯುವಂತಿರಲಿಲ್ಲ, ಅಲ್ಲಿ ವಿಂಚ್ ಕೂತಾಗಿತ್ತು. ಮುರಿದು ಹಾಕಿದ ಬಸ್ಸೊಂದರ ಎರಡು ಕರೆಂಟಿನ ಫ್ಯಾನು ಹುಡುಕಿ ತಂದೆವು. ಪೆಟ್ಟಿಗೆಯ ಬೆನ್ನಿಗೆ ಅವನ್ನು ಕಟ್ಟಿ, ಗಾಳಿಯನ್ನು ಜಾಲಿಯ ಒಳಗಿಂದ ಹಿಂದಕ್ಕೆ ಎಳೆಸುವುದು. ವೆಲ್ಡಿಂಗಿನವನು ತಮಾಷೆ ಮಾಡಲಿಲ್ಲ. ಸುದ್ದಿ ಅವನಿಗೂ ಮುಟ್ಟಿತ್ತು. ಕೆಲಸ ಮುಗಿದ ಮೇಲೆ, "ನಾನು ಹಾಕಿದ ಬೆಸುಗೆ ಎಷ್ಟು ಬಿಟ್ಟಿದೆ ಗೊತ್ತುಂಟಾ ಬಾಯ್? ಯಾರೂ ಅದ್ನ ದಂಡೆ ಮೇಲೆ ನಿಂತು ಹೇಳೂದಿಲ್ಲ," ಎಂದ.

ಈ ಸಲ ಪರೀಕ್ಷೆ ಹೇಗೆ ಎಂದು ನಾನು ಹೇಳಲಿಲ್ಲ, ಅಪ್ಪ ಹೇಳಿದ. ಲಾರಿ ನಿಂತಿರಬೇಕು. ಚಿರೇಕಲ್ಲು ತುಂಬಿದ ಇನ್ನೊಂದು ಲಾರಿಗೆ ಅರ್ಧ ಬ್ರೇಕು ಹಾಕಿಸಿ, ಅದನ್ನು ವಿಂಚಿನಿಂದ ಬಯಲಿನ ಉದ್ದಕ್ಕೂ ಎಳೆಯಬೇಕು, ಹೊತ್ತು ನೆತ್ತಿಗೆ ಬಂದಾಗ. ಎಳೆದೆವು. ಅಪ್ಪ ನನ್ನನ್ನು ಕ್ಯಾಬಿನ್ನಿನಲ್ಲಿ ಕೂರಿಸಿ ತಾನು ಹಿಂದೆ ಹತ್ತಿ ನಿಂತ. ಸ್ವಲ್ಪ ಹೊತ್ತಿಗೆ ಕ್ಯಾಬಿನ್ನಿನ ತಗಡು ಬಡಿದ.

"ನಿಲ್ಸು!"

ಇಳಿದು ಹೋದೆ. ಅಪ್ಪ ಒಂದು ಹಳೆಯ ಬಟ್ಟೆಯ ಚಿಂದಿಯನ್ನು ಜಾಲಿಯ ಮುಂದೆ ಹಿಡಿದಿದ್ದ. ಎಡಗಡೆಯ ಫ್ಯಾನಿನ ಎದುರು ಅದು ಒಳಕ್ಕೆ ಅಂಟಿಕೊಳ್ಳುತ್ತಿತ್ತು. ಬಲಗಡೆ ಹೊರಕ್ಕೆ ಹಾರುತ್ತಿತ್ತು.

"ಇದು ಉಲ್ಟಾ ತಿರುಗ್ತದೆ," ಎಂದ. "ಒಂದು ಎಳೆದದ್ದನ್ನ ಇನ್ನೊಂದು ವಾಪಸ್ ಊದ್ತದೆ. ತಂತಿ ಕಟ್ಟಿದ್ದು ಯಾರು?"

"ನಾನು."

"ತಪ್ಪು," ಎಂದ ಅಪ್ಪ.

ಜೋರಾಗಿ ಹೇಳಲಿಲ್ಲ. ಆದರೆ ಹಾಗೆ ಹೇಳಿದ್ದು ಅದೇ ಮೊದಲು. ಹೇಳಿ ನನ್ನ ಮುಖವನ್ನೇ ನೋಡುತ್ತ ನಿಂತ. ನಾನು ಎರಡು ತಂತಿ ಅದಲು ಬದಲು ಮಾಡಿ ಕಟ್ಟಿದೆ. ಚಿಂದಿ ಎರಡೂ ಕಡೆ ಒಳಕ್ಕೆ ಅಂಟಿತು. ಮತ್ತೆ ಒಂದು ಗಂಟೆ ಎಳೆದೆವು. ಮುಳ್ಳು ಸ್ವಲ್ಪ ಏರಿ ನಿಂತಿತು.

ನಾನೀಗ ಡಿಪ್ಲೊಮಾ ಹುಡುಗರಿಗೆ ಪಾಠ ಮಾಡುತ್ತೇನೆ. ಉದಾಹರಣೆ ಲೆಕ್ಕ ಕೊಡುವಾಗ, ಈ ಗಾಡಿ ಎಲ್ಲಿ ನಿಂತಿದೆ, ಏನು ಮಾಡುತ್ತಿದೆ ಎಂದು ಮೊದಲು ಕೇಳುತ್ತೇನೆ. ಅವರಿಗೆ ಅದು ಸಿಲಬಸ್ಸಿನಲ್ಲಿಲ್ಲದ ಪ್ರಶ್ನೆ. ಯಾಕೆ ಕೇಳುತ್ತೇನೆಂದು ಹೇಳಿಲ್ಲ.

ಮಳೆಗೆ ಇನ್ನು ಕೆಲವೇ ದಿನ ಇದ್ದಾಗ ಆ ಮುದುಕಿ ನಮ್ಮ ಅಂಗಳಕ್ಕೆ ಬಂದಳು. ಅವಳ ಮಗನ ದೋಣಿ ಇನ್ನೂ ನೀರಿನಲ್ಲೇ ಇತ್ತು. ಬೇರೆ ಯಾರೂ ನಮ್ಮನ್ನು ಕರೆದಿರಲಿಲ್ಲ.

"ನಾಳೆ ನಮ್ಮದು ಎಳಿ," ಎಂದಳು ಅಪ್ಪನಿಗೆ. "ಆದ್ರೆ ನಮ್ಮ ಹಗ್ಗವೂ ಇರ್ತದೆ. ಲಾರಿಗೆ ಜ್ವರ ಬಂದ್ರೆ ಅಂತ ಅಲ್ಲ. ಇರ್ತದೆ ಅಷ್ಟೇ."

"ಇರ್ಲಿ," ಎಂದ ಅಪ್ಪ. "ಹಗ್ಗ ನಾನೇ ಹಾಸ್ತೆ."

ಮರುದಿನವೂ ಗಾಳಿ ಬಿದ್ದಿತ್ತು. ಅದೇ ಜಾಗ, ಅದೇ ಕುದಿ. ತಂತಿಯ ಎರಡೂ ಪಕ್ಕದಲ್ಲಿ, ಸಾಕಷ್ಟು ದೂರ ಬಿಟ್ಟು, ಹಗ್ಗ ಹಿಡಿದು ಜನ ನಿಂತರು. ಈ ಸಲ ಅಪ್ಪ ನನ್ನನ್ನೇ ಕ್ಯಾಬಿನ್ನಿಗೆ ಹತ್ತಿಸಿದ, ತಾನು ಹಿಂದೆ ಪೆಟ್ಟಿಗೆಯ ಬಳಿ ನಿಂತ. ದೋಣಿ ಏರತೊಡಗಿತು. ಅರ್ಧ ಏರಿಗೆ ಬಂದಾಗ, ಹೋದ ಸಲ ದನಿ ಕುಗ್ಗಿದ ಜಾಗಕ್ಕೇ ಬಂದಾಗ, ಎಕ್ಸಿಲರೇಟರಿನ ಮೇಲೆ ನನ್ನ ಕಾಲು ತಾನಾಗಿಯೇ ಹಗುರಾಯಿತು. ಮುಳ್ಳು ಒಂದು ಗೆರೆ ಮೇಲಿತ್ತು.

"ಅಪ್ಪಾ, ನಿಲ್ಸಲಾ?"

ಕನ್ನಡಿಯಲ್ಲಿ ನೋಡಿದೆ. ಅವನ ಅಂಗೈ ಕೊಳವೆಯ ಮೇಲಿತ್ತು.

"ಮುಳ್ಳು ಯಂತಾ ಹೇಳ್ತದೆ?"

"ಒಂದು ಗೆರೆ ಏರಿದೆ. ಅಲ್ಲೇ ನಿಂತಿದೆ."

"ಕೈಯೂ ಅದೇ ಹೇಳ್ತದೆ. ಬ್ಯಾಡ, ಎಳಿ."

ಎಳೆದೆ.